ಗೋಡೆ ಹಿಡಿದ ಬಿಳಿ ರಕ್ತಕಣ: ಡೆಂಗಿಯಿಂದ ಕಲಿತದ್ದು

ಕಳೆದ ಮಳೆಗಾಲದಲ್ಲಿ ಚಿಂತಾಮಣಿಯ ನಮ್ಮ ಚಿಕ್ಕಮ್ಮನಿಗೆ ಡೆಂಗಿ ಬಂತು. ರಿಪೋರ್ಟಿನಲ್ಲಿ ಬಿಳಿ ರಕ್ತಕಣ 2,800, ಅಂದರೆ ಕಡಿಮೆ. "ಕಣ ಎಲ್ಲಾ ಸತ್ತೋದವೇನೋ?" ಅಂತ ಚಿಕ್ಕಮ್ಮ ಕೇಳಿದರು. ಲ್ಯಾಬ್ ಕೋರ್ಸ್ ಓದುವ ನನಗೇ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಮಗೂ ಈ ಪ್ರಶ್ನೆ ಬಂದೇ ಬರುತ್ತದೆ.

ಡೆಂಗಿಯಲ್ಲಿ ಮೂಳೆಯ ಮಜ್ಜೆ ಕೆಲವು ದಿನ ಕಣ ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಅದು ದೊಡ್ಡ ಕಾರಣ. ಜೊತೆಗೆ ಇನ್ನೊಂದು ನೆನಪಿಡಿ: ಸಿರಿಂಜಿಗೆ ಬರುವುದು ಹರಿಯುತ್ತಿರುವ ಕಣ ಮಾತ್ರ. ಆರೋಗ್ಯವಂತರಲ್ಲೂ ರಕ್ತನಾಳದ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ಕಣಗಳಲ್ಲಿ ಸುಮಾರು ಅರ್ಧ ಗೋಡೆಗೆ ಒರಗಿಕೊಂಡಿರುತ್ತವೆ. ಅವು ಎಣಿಕೆಗೆ ಸಿಗುವುದಿಲ್ಲ.

ಈ ಅಂಟಿಕೊಳ್ಳುವುದು ಹೇಗೆ? ರಾಗಿ ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಕಾಳು ಬಟ್ಟೆಗೆ ಕಚ್ಚಿಕೊಳ್ಳುತ್ತದಲ್ವಾ, ಹಾಗೆ ಒಂದೇ ಸಲಕ್ಕಲ್ಲ. ಮೊದಲು ಸೆಲೆಕ್ಟಿನ್ ಎಂಬ ಪ್ರೋಟೀನು ಕಣವನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಣ ಗೋಡೆಯುದ್ದಕ್ಕೂ ಉರುಳುತ್ತಾ ನಿಧಾನವಾಗುತ್ತದೆ. ಆಗ ಗೋಡೆಯಿಂದ ಕೀಮೋಕೈನ್ ಎಂಬ ರಾಸಾಯನಿಕ ಸುಳಿವು ಸಿಗುತ್ತದೆ. ಕಣದ ಮೇಲೆ ಬಾಗಿ ಕೂತಿದ್ದ ಇಂಟೆಗ್ರಿನ್ ಎಂಬ ಪ್ರೋಟೀನು ನೆಟ್ಟಗೆ ಎದ್ದು ನಿಂತು, ಗೋಡೆಯ ಮೇಲಿರುವ ಐಕ್ಯಾಮ್-1 ಎಂಬ ಪ್ರೋಟೀನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಾಗಿದ್ದದ್ದು ನೆಟ್ಟಗಾಗುವ ಈ ಹೆಜ್ಜೆ ಅರ್ಥವಾದರೆ ಉಳಿದದ್ದು ಸುಲಭ. ಆಮೇಲೆ ಕಣ ಸಂದಿಯಲ್ಲಿ ನುಸುಳಿ ಆಚೆ ಹೋಗುತ್ತದೆ.

ವೈರಸ್ ಬಂದಾಗ ಈ ಅಂಟಿನ ಪ್ರಮಾಣವೇ ಬದಲಾಗುತ್ತದೆ. ಡೆಂಗಿ ತಗುಲಿದ ಮಾನೋಸೈಟ್‌ಗಳು (ಇವೂ ಒಂದು ಬಗೆಯ ಬಿಳಿ ಕಣ) ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನು ಸುರಿಸುತ್ತವೆ. ಅದರ ಪ್ರಭಾವದಿಂದ ಗೋಡೆ ಐಕ್ಯಾಮ್ ಮತ್ತು ಅಂಥದ್ದೇ ವಿಕ್ಯಾಮ್‌ಗಳನ್ನು ತನ್ನ ಮೇಲ್ಮೈಗೆ ಜಾಸ್ತಿ ತರುತ್ತದೆ. ಇನ್ನೊಂದು ಕಡೆ, ವೈರಸ್ಸಿನ ಎನ್‌ಎಸ್‌1 ಪ್ರೋಟೀನು ಗೋಡೆಯ ಮೇಲಿನ ತೆಳು ಸಕ್ಕರೆ ಪದರವನ್ನು ಕಳಚಿಹಾಕುತ್ತದೆ. ನಾವು ಕಾರ್ಡ್ ಟೆಸ್ಟಿನಲ್ಲಿ ಹುಡುಕುವುದು ಇದೇ ಎನ್‌ಎಸ್‌1. ಪದರ ಹೋದರೆ ಗೋಡೆ ಸೋರುತ್ತದೆ.

ಈ ಅಂಟನ್ನೇ ಬಳಸಿಕೊಳ್ಳುವ ವೈರಸ್‌ಗಳೂ ಇವೆ. ನೆಗಡಿಯ ರೈನೋವೈರಸ್‌ಗಳಲ್ಲಿ ಬಹುಪಾಲು ಐಕ್ಯಾಮ್-1 ಅನ್ನೇ ಬಾಗಿಲು ಮಾಡಿಕೊಂಡು ಜೀವಕೋಶದೊಳಗೆ ಹೋಗುತ್ತವೆ. ಹಾಗಂತ ಅಂಟನ್ನು ಪೂರ್ತಿ ತಡೆದರೂ ಕಷ್ಟ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಕೊಡುವ ನಟಾಲಿಜುಮಾಬ್ ಎಂಬ ಔಷಧ ಇಂಟೆಗ್ರಿನ್ ಒಂದನ್ನು ತಡೆಯುತ್ತದೆ. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅದನ್ನು 2005ರಲ್ಲಿ ವಾಪಸ್ ತೆಗೆದರು. ಕಾವಲು ಕಣಗಳು ಮಿದುಳಿಗೆ ಹೋಗಲಾಗದೆ, ಕೆಲವರಲ್ಲಿ ಸುಮ್ನೆ ಮಲಗಿದ್ದ, ಮಿದುಳಿಗೆ ಹಾನಿ ಮಾಡಬಲ್ಲ ಜೆಸಿ ವೈರಸ್ ಎದ್ದಿತ್ತು. ಮರುವರ್ಷ ಕಟ್ಟುನಿಟ್ಟಿನ ಷರತ್ತಿನ ಮೇಲೆ ಔಷಧ ಮರಳಿತು.

ಡೆಂಗಿ ರಿಪೋರ್ಟಿನಲ್ಲಿ ಎಲ್ಲರೂ ಪ್ಲೇಟ್‌ಲೆಟ್ಟನ್ನೇ ನೋಡುತ್ತಾರೆ. ನೀವು ಹೆಮಟೋಕ್ರಿಟ್ಟನ್ನೂ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ನೋಡಿ. ಗೋಡೆ ಸೋರಿ ನೀರಿನಂಶ ಆಚೆ ಹೋದರೆ ರಕ್ತ ಮಂದವಾಗಿ ಆ ಸಂಖ್ಯೆ ಏರುತ್ತದೆ. ಶೇ 20ರಷ್ಟು ಏರಿಕೆ ಎಚ್ಚರಿಕೆಯ ಗಂಟೆ. ಅದೂ ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ. ಚಿಕ್ಕಮ್ಮನ ಜ್ವರ ಐದನೇ ದಿನ ಇಳಿಯಿತು. ಮನೆಗೆ ಹೋಗೋಣ ಅಂತ ಬ್ಯಾಗು ಕಟ್ಟಿದ್ದರು. ಬೆಳಗಿನ ಹೆಮಟೋಕ್ರಿಟ್ 36ರಿಂದ 44ಕ್ಕೆ ಏರಿತ್ತು. ಡಾಕ್ಟರ್ ಮತ್ತೆರಡು ದಿನ ಉಳಿಸಿಕೊಂಡರು.