ಬಾವಿಯ ಪಾಠ ಕಡಲಿಗೆ ಆಗಿಬರಲಿಲ್ಲ

ದಾವಣಗೆರೆ ಹತ್ತಿರದ ನಮ್ಮೂರ ತೋಟದಲ್ಲಿ ಕಲ್ಲು ಕಟ್ಟಿದ ಬಾವಿಯೊಂದಿತ್ತು. ಬೇಸಿಗೆ ರಜೆ ಬಂತೆಂದರೆ ದೊಡ್ಡಪ್ಪ ನಮ್ಮ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಒಬ್ಬೊಬ್ಬರನ್ನೇ ಅದರೊಳಗೆ ತಳ್ಳುತ್ತಿದ್ದರು. ಕ್ಯಾನು ಬಿಚ್ಚಿದ ಮೇಲೆ ಪರೀಕ್ಷೆ. ಮೇಲಿನಿಂದ ಸ್ಟೀಲ್ ಚೊಂಬು ಎಸೆಯುವರು, ನಾವು ಮುಳುಗಿ ತರಬೇಕು. ಮೂರಾಳು ನೀರು. "ಲೇ, ಉಸಿರು ಬಿಡಬ್ಯಾಡ, ಗಟ್ಟಿ ಹಿಡ್ಕ" ಅನ್ನುವುದೊಂದೇ ಪಾಠ.

ಆ ಪಾಠವನ್ನು ಮೂವತ್ತು ವರ್ಷ ಜೋಪಾನ ಮಾಡಿದ್ದೆ. ಕಳೆದ ಸಲ ರಜೆ ಹಾಕಿ ಅಂಡಮಾನಿಗೆ ಹೋದೆ. ಹಿಂದೆ ಹ್ಯಾವ್‌ಲಾಕ್ ಅನ್ನುತ್ತಿದ್ದ, 2018ರಿಂದ ಸ್ವರಾಜ್ ದ್ವೀಪ ಅನ್ನಿಸಿಕೊಂಡ ದ್ವೀಪದಲ್ಲಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುತ್ತ ಈಜುವುದನ್ನು, ಕಲಿಯಲು ಸೇರಿಕೊಂಡೆ. ಕಲಿಸುವವನು ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗ. ಅವನ ಮೊದಲ ಮಾತೇ, "ಸರ್, ನೀರಿನೊಳಗೆ ಉಸಿರು ಹಿಡಿಯಲೇಬಾರದು" ಅಂತ. ನನಗೆ ನಗು ಬಂತು.

ಆದರೆ ಲೆಕ್ಕ ಹಾಕಿದರೆ ಹುಡುಗನದೂ ಸರಿ, ದೊಡ್ಡಪ್ಪನದೂ ಸರಿ. ನಮ್ಮ ತಲೆಯ ಮೇಲಿರುವ ಇಡೀ ವಾಯುಮಂಡಲ ಎಷ್ಟು ಒತ್ತುತ್ತದೋ, 10 ಮೀಟರ್ ಸಮುದ್ರದ ನೀರೂ ಹೆಚ್ಚುಕಡಿಮೆ ಅಷ್ಟೇ ಒತ್ತುತ್ತದೆ. ಹಾಗಾಗಿ 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ಒತ್ತಡ ಎರಡು ಪಟ್ಟಾದರೆ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತದೆ. ಇದು 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ಬಾವಿಗೆ ಹಾರುವಾಗ ನಾವು ಎದೆ ತುಂಬ ಗಾಳಿ ತುಂಬಿಕೊಳ್ಳುವುದು ದಂಡೆಯ ಮೇಲೆ. ಐದು ಲೀಟರ್ ಅಂದುಕೊಳ್ಳಿ. ಚೊಂಬಿನ ಹತ್ತಿರ, ಅಂದರೆ ಸುಮಾರು 5 ಮೀಟರ್ ಆಳದಲ್ಲಿ, ಅದು ಮೂರೂ ಕಾಲು ಲೀಟರಿಗೆ ಇಳಿದಿರುತ್ತದೆ. ಮೇಲೆ ಬಂದರೆ ಮತ್ತೆ ಐದೇ ಲೀಟರ್. ತಂದ ಗಾಳಿಯೇ ವಾಪಸ್, ಏನೂ ತೊಂದರೆ ಇಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಅಲ್ಲಿ ಆಳದಲ್ಲೇ ಸಿಲಿಂಡರಿನಿಂದ ಎದೆ ತುಂಬ ಉಸಿರು ಎಳೆಯುತ್ತೇವೆ. 10 ಮೀಟರ್ ಕೆಳಗೆ ಎಳೆದ ಐದು ಲೀಟರನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಹತ್ತು ಲೀಟರ್ ಆಗಲು ನೋಡುತ್ತದೆ. ಶ್ವಾಸಕೋಶದಲ್ಲಿ ಜಾಗ ಇರುವುದೇ ಆರು ಲೀಟರಿನಷ್ಟು. ಎದೆ ತುಂಬ ಗಾಳಿ ಇಟ್ಟುಕೊಂಡು ಒಂದೆರಡು ಮೀಟರ್ ಮೇಲೇರಿದರೂ ಶ್ವಾಸಕೋಶ ಹರಿಯಬಹುದು. ಈಜುಕೊಳದಲ್ಲೂ ಇದು ಆಗಬಹುದು ಅಂದಾಗ ನನ್ನ ನಗು ನಿಂತಿತು.

ಆ ಸಿಲಿಂಡರಿಗೆ ನಮ್ಮ ಕಡೆ ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅಂತಾರೆ. ಅದರಲ್ಲಿರುವುದು ಸುಮ್ನೆ ಗಾಳಿ, ನಾವು ಇಲ್ಲಿ ಕೂತು ಉಸಿರಾಡುವಂಥದ್ದೇ. ಸೋಸಿ, ಒಣಗಿಸಿ, ಸುಮಾರು 200 ಪಟ್ಟು ಒತ್ತಿ ತುಂಬಿರುತ್ತಾರೆ. ಶುದ್ಧ ಆಕ್ಸಿಜನ್ ತುಂಬಿದರೆ ಆರು ಮೀಟರ್ ದಾಟಿದ ಮೇಲೆ ಅದೇ ವಿಷವಾಗಿ ಫಿಟ್ಸ್ ಬರುವ ಅಪಾಯವಿದೆ. ಅಷ್ಟು ಒತ್ತಡದ ಗಾಳಿಯನ್ನು ನೇರ ಬಾಯಿಗೆ ಬಿಟ್ಟುಕೊಳ್ಳಲು ಆಗುತ್ತದೆಯೇ? ನಡುವೆ ಒಂದು ರೆಗ್ಯುಲೇಟರ್ ಬೇಕು. ನಾವು ಉಸಿರು ಎಳೆದಾಗ ಮಾತ್ರ ತೆರೆದುಕೊಂಡು, ಸುತ್ತಲ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವಂಥದ್ದು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗ್ಯಾನ್ಯಾನ್ ಇದನ್ನು ಮಾಡಿದರು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ, ಕಾರುಗಳು ಗ್ಯಾಸಿನಲ್ಲಿ ಓಡುತ್ತಿದ್ದವು. ಆ ಕಾರುಗಳಿಗೆಂದು ಗ್ಯಾನ್ಯಾನ್ ಮಾಡಿದ್ದ ರೆಗ್ಯುಲೇಟರನ್ನೇ ತಿದ್ದಿ ನೀರಿಗೆ ಇಳಿಸಿದರು.

ನೀರಿಗಿಳಿದ ತಕ್ಷಣ ಮೊದಲ ಪೆಟ್ಟು ಕಿವಿಗೆ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ ಅಲ್ವಾ? ಇಡೀ ಘಾಟಿ ಇಳಿದರೂ ಗಾಳಿಯ ಒತ್ತಡ ಏರುವುದು ನೂರಕ್ಕೆ ಆರೇಳರಷ್ಟು. ನೀರಿನಲ್ಲಿ ಅಷ್ಟಕ್ಕೆ ಮುಕ್ಕಾಲು ಮೀಟರ್ ಸಾಕು! ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತ, ನಾಲ್ಕೈದು ಆಗುಂಬೆ ಇಳಿದ ಮೇಲೆ ಕಿವಿ ಹೇಳಿದ ಮಾತು ಕೇಳತೊಡಗಿತು.

ಆಮೇಲೆ ಕೇಳಿಸಿದ್ದು ಚಟಪಟ ಸದ್ದು. ಬಾಣಲೆಗೆ ಒಟ್ಟಿಗೆ ಹತ್ತು ಮಿರ್ಚಿ ಬಿಟ್ಟ ಹಾಗೆ, ಎಲ್ಲ ಕಡೆಯಿಂದ. ದಾವಣಗೆರೆಯವನಿಗೆ ಆ ಸದ್ದು ಎಲ್ಲಿದ್ದರೂ ಗೊತ್ತಾಗುತ್ತದೆ. ಅದು ಬೆರಳುದ್ದದ ಪಿಸ್ತೂಲ್ ಸೀಗಡಿಗಳ ಕೆಲಸ. ಅವು ಒಂದು ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತವೆಂದರೆ ಚಿಮ್ಮಿದ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ, ಹುಟ್ಟಿದ ಗಳಿಗೆಯಲ್ಲೇ ಕುಸಿಯುತ್ತದೆ. ಸದ್ದು ಬರುವುದು ಕೊಂಡಿಗಳು ಬಡಿದುಕೊಂಡು ಅಂತಲೇ ಬಹಳ ಕಾಲ ನಂಬಿದ್ದರು. ಗುಳ್ಳೆ ಕುಸಿಯುವ ಸದ್ದು ಅದು ಅಂತ ತಿಳಿದದ್ದು 2000ದಲ್ಲಿ.

ಹೊರಡುವ ಮುಂಚೆ ಅವ್ವ ದುಗ್ಗಮ್ಮನ ಗುಡಿಯಿಂದ ತಂದು ಕೈಗೆ ಕೆಂಪು ದಾರ ಕಟ್ಟಿದ್ದಳು. ದೋಣಿಯಲ್ಲಿ ಕೆಂಪಗಿದ್ದದ್ದು ಐದು ಮೀಟರಿಗೆ ಕಂದಾಯಿತು. ಹನ್ನೆರಡು ಮೀಟರಿಗೆ ಹಳೇ ಹುಣಸೆಹಣ್ಣಿನ ಬಣ್ಣ. ನೀರು ಬಿಸಿಲಿನೊಳಗಿನ ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ, ನೀಲಿಯನ್ನು ಕೊನೆಗೆ. ಹುಡುಗ ನನ್ನ ಮಣಿಕಟ್ಟಿನ ಮೇಲೆ ಟಾರ್ಚ್ ಬಿಟ್ಟ. ದಾರ ಧಗ್ಗನೆ ಕೆಂಪಾಯಿತು. ಟಾರ್ಚ್ ಆರಿಸಿದ, ಮತ್ತೆ ಹುಣಸೆಹಣ್ಣು. ಎರಡು ಮೂರು ಸಲ ಮಾಡಿಸಿಕೊಂಡು ನೋಡಿದೆ.

ಮೂರನೇ ದಿನ ಬಾವಿಯ ಅಭ್ಯಾಸ ಕೈಕೊಟ್ಟಿತು. ಎಂಟು ಮೀಟರಿನಲ್ಲಿದ್ದೆವು. ಹವಳದ ಬಂಡೆಯ ಸಂದಿಯಿಂದ ಆಮೆಯೊಂದು ನಿಧಾನವಾಗಿ ಹೊರಬಂತು. ಬೆರಗಾದಾಗ ನಾವು ಏನು ಮಾಡುತ್ತೇವೆ? ಉಸಿರು ಒಳಗೆಳೆದು ಹಾಗೇ ನಿಲ್ಲಿಸುತ್ತೇವೆ. ನಾನೂ ಅದನ್ನೇ ಮಾಡಿದೆ. ಎದೆ ಉಬ್ಬಿದರೆ ಮೈ ಜಾಸ್ತಿ ನೀರನ್ನು ಸರಿಸುತ್ತದೆ, ಅಂದರೆ ತೇಲುತ್ತದೆ. ತೇಲಿದಂತೆ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಇನ್ನೂ ತೇಲುತ್ತದೆ. ಆಮೆ ಕೆಳಕ್ಕೆ ಹೋಗುತ್ತಿದೆ ಅಂದುಕೊಂಡಿದ್ದೆ. ಮೇಲೆ ಹೋಗುತ್ತಿದ್ದವನು ನಾನು. ಹುಡುಗ ಕಾಲು ಹಿಡಿದು ಜಗ್ಗಿದ, ಎದೆ ಮುಟ್ಟಿ ತೋರಿಸಿದ. ಬುಳುಬುಳು ಗುಳ್ಳೆ ಬಿಟ್ಟೆ. ದಡಕ್ಕೆ ಬಂದ ಮೇಲೆ ಚೆನ್ನಾಗಿ ಬೈಸಿಕೊಂಡೆ.

ಉಸಿರು ಹಿಡಿಯದಿದ್ದರೂ ಸರಸರ ಮೇಲೆ ಬರುವ ಹಾಗಿಲ್ಲ. ಅದಕ್ಕೆ ಕಾರಣ ಗೋಲಿ ಸೋಡ. ಗೋಲಿ ಒತ್ತುವವರೆಗೆ ಬಾಟಲಿಯಲ್ಲಿ ಒಂದು ಗುಳ್ಳೆಯೂ ಕಾಣುವುದಿಲ್ಲ. ಒತ್ತಡದಲ್ಲಿ ಗ್ಯಾಸೆಲ್ಲ ನೀರಿನೊಳಗೆ ಕರಗಿ ಕೂತಿರುತ್ತದೆ. ಒತ್ತಿದಿರೋ, ಟುಸ್ ಅಂತ ಬುರುಗು. ಡೈವ್ ಮಾಡುವವನ ಮೈಯೂ ಅಂಥದೇ ಬಾಟಲಿ. ಆಳದಲ್ಲಿ ಉಸಿರಾಡುವಾಗ ನೈಟ್ರೋಜನ್ ರಕ್ತಕ್ಕೆ, ಕೊಬ್ಬಿಗೆ ಹೆಚ್ಚು ಹೆಚ್ಚು ಕರಗುತ್ತದೆ. ನಿಧಾನ ಬಂದರೆ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಕೀಲು, ನರ, ಬೆನ್ನುಹುರಿಯಲ್ಲಿ ಗುಳ್ಳೆ ಏಳಬಹುದು.

ಹಿರಾಂ ಕಾಡ್ ಎಂಬ ಇಂಗ್ಲಿಷಿನವನು ಗೋಲಿ ಸೋಡ ಬಾಟಲಿಗೆ ಪೇಟೆಂಟ್ ಪಡೆದದ್ದು 1872ರಲ್ಲಿ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಬ್ರೂಕ್ಲಿನ್ ಸೇತುವೆಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಈ ಗುಳ್ಳೆಗಳ ಕಾಯಿಲೆಯಿಂದಲೇ ಹಾಸಿಗೆ ಹಿಡಿದ. ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ಅಡಿಪಾಯದ ಕೆಲಸ ನಡೆಯುತ್ತಿತ್ತು. ಹೊರಗೆ ಬಂದ ಕೂಲಿಗಳು ಕೀಲು ನೋವಿನಿಂದ ಒದ್ದಾಡುತ್ತಿದ್ದರು. ರೋಬ್ಲಿಂಗ್ ಮಂಚದಿಂದಲೇ ಹೇಳುತ್ತ ಹೋದ, ಸೇತುವೆ ಮುಗಿಯುವವರೆಗೆ ಕೆಲಸದ ಜಾಗಕ್ಕೆ ಓಡಾಡಿದವಳು ಅವನ ಹೆಂಡತಿ ಎಮಿಲಿ. ಎಷ್ಟು ನಿಧಾನ ಮೇಲೆ ಬರಬೇಕು ಅನ್ನುವ ಲೆಕ್ಕ ಸಿಗಲು 1908 ಬರಬೇಕಾಯಿತು. ಬ್ರಿಟನ್ನಿನ ವಿಜ್ಞಾನಿ ಜಾನ್ ಹಾಲ್ಡೇನ್ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿ ಕೂಡಿಹಾಕಿ ನೋಡಿದ. ಹೊರಬಂದ ಮೇಕೆ ಕಾಲೆತ್ತಿ ನಿಂತರೆ ನೋವಿದೆ ಅಂತ ಲೆಕ್ಕ. ಪಾಪದ ಮೇಕೆಗಳು. ನಾನು ಪ್ರತಿ ಸಲ ಐದು ಮೀಟರಿನಲ್ಲಿ ಮೂರು ನಿಮಿಷ ತೂಗಾಡುತ್ತ ನಿಂತದ್ದು ಆ ಲೆಕ್ಕದ ಮೊಮ್ಮಗುವಿನಂಥ ನಿಯಮಕ್ಕಾಗಿ.

ಬಾಟಲಿಯ ಗುಣ ದಡ ಸೇರಿದ ಮೇಲೂ ಬಿಡುವುದಿಲ್ಲ. ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ವಿಮಾನದೊಳಗಿನ ಒತ್ತಡ ಎರಡು ಸಾವಿರ ಮೀಟರ್ ಬೆಟ್ಟದ ಮೇಲಿನಷ್ಟೇ ಇರುತ್ತದೆ. ನೆಲದ ಮೇಲಿನ ಬೆಟ್ಟಕ್ಕೂ ಇದೇ ಮಾತು. ಸಮುದ್ರ ಮಟ್ಟದಿಂದ 300 ಮೀಟರಿಗಿಂತ ಎತ್ತರದ ಕೆರೆ, ಹೊಳೆಯಲ್ಲಿ ಮುಳುಗಿದರೆ ಅದು ಬೆಟ್ಟದ ಡೈವಿಂಗ್ ಅಂತ ಲೆಕ್ಕ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವ ಕೋಷ್ಟಕ ಅದಕ್ಕೆ ಬೇರೆಯೇ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಸ್ಕೂಬಾ ಕಟ್ಟಿಕೊಂಡು ದೊಡ್ಡಪ್ಪನ ಬಾವಿಗೆ ಇಳಿದರೆ ನಾನು ಪರ್ವತದ ಡೈವರ್!

ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತ ಹಿರಿಯೂರು ದಾಟಿದ ಮೇಲೆ ಹೆದ್ದಾರಿ ಬಿಟ್ಟು ಮರಡಿಹಳ್ಳಿಗೆ ತಿರುಗಿಸಿದೆ. ಚಿತ್ರದುರ್ಗ ಜಿಲ್ಲೆಯ ಈ ಊರಿನ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗಿವೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೀರಿನೊಳಗೆ ಉಕ್ಕಿದ ಲಾವಾದ ಮೈ ತಕ್ಷಣ ಗಟ್ಟಿಯಾಗುತ್ತದೆ. ಒಳಗಿನ್ನೂ ಕುದಿಯುತ್ತಿರುವುದು ಸಿಪ್ಪೆ ಒಡೆದು ಮುಂದೆ ಬರುತ್ತದೆ. ಅಲ್ಲೊಂದು ಹೊಸ ದಿಂಬು. ಲಾವಾದಲ್ಲೂ ಗ್ಯಾಸ್ ಕರಗಿರುತ್ತದೆ. ಮೇಲಿನ ನೀರು ಆಳವಿದ್ದಷ್ಟೂ ಗೋಲಿ ಬಿಗಿ, ಕಲ್ಲಿನಲ್ಲಿ ಗುಳ್ಳೆಯ ತೂತು ಕಮ್ಮಿ. ಇಂಥ ತೂತುಗಳನ್ನು ನೋಡಿ ಹಳೆಯ ಕಡಲುಗಳ ಆಳವನ್ನು ಅಂದಾಜು ಮಾಡುವವರಿದ್ದಾರೆ.

ನಾನು ಬಗ್ಗಿ ದಿಂಬೊಂದರ ಮೇಲೆ ಕೈಯಾಡಿಸುತ್ತಿದ್ದೆ. ಡ್ರೈವರ್ ಬೀಡಿ ಆರಿಸಿ ಹತ್ತಿರ ಬಂದ.

"ಏನ್ ಹುಡುಕ್ತೀರಿ ಸಾ?"

"ಇಲ್ಲಿ ಸಮುದ್ರ ಇತ್ತಪ್ಪ."

ಅವನು ಸುತ್ತಲಿನ ಜಾಲಿ ಗಿಡ, ಒಣಗಿದ ಹೊಲ ಎಲ್ಲ ಒಮ್ಮೆ ನೋಡಿದ. "ಈಗ ಸಾವಿರ ಅಡಿ ಬೋರ್ ಹೊಡೆಸಿದ್ರೂ ನೀರಿಲ್ಲ ಬಿಡಿ" ಅಂದು, ಕಾರಿನ ಕಡೆ ನಡೆದ.