ಎತ್ತಿಟ್ಟ ಶಕ್ತಿ, ಓಡುವ ಶಕ್ತಿ

ಎರಡು ಪುಟ್ಟ ಡಬ್ಬಿ, ತಟ್ಟೆ ತುಂಬ ಹದವಾಗಿ ಕಲಸಿದ ಜೇಡಿಮಣ್ಣು, ಒಂದು ಅಳತೆಪಟ್ಟಿ. ಚಲನ ಶಕ್ತಿ ಮತ್ತು ಪ್ರಚ್ಛನ್ನ ಶಕ್ತಿಯ ಪಾಠ ಶುರು ಮಾಡುವ ದಿನ ನಾನು ತರಗತಿಗೆ ಒಯ್ಯುವುದು ಇಷ್ಟೇ. ಹೆಸರುಗಳು ಮಕ್ಕಳಿಗೆ ಮೊದಲೇ ಬಾಯಿಪಾಠ ಆಗಿರುತ್ತವೆ. "ಚಲನೆಯಿಂದ ಬರುವುದು ಚಲನ ಶಕ್ತಿ, ಸ್ಥಾನದಿಂದ ಬರುವುದು ಪ್ರಚ್ಛನ್ನ ಶಕ್ತಿ" ಅಂತ ಪಟಪಟನೆ ಹೇಳಿಬಿಡುತ್ತಾರೆ. ಕಪಾಟಿನ ಮೇಲೆ ಸುಮ್ನೆ ಕೂತಿರುವ ಪುಸ್ತಕ ತೋರಿಸಿ "ಇದಕ್ಕೆ ಶಕ್ತಿ ಇದೆಯಾ?" ಅಂದರೆ ಮಾತ್ರ ಅರ್ಧ ತರಗತಿ ಇಲ್ಲ ಅನ್ನುತ್ತದೆ. ಅಲುಗಾಡದೆ ಇರುವ ವಸ್ತುವಿಗೆ ಶಕ್ತಿ ಎಲ್ಲಿಂದ ಬರಬೇಕು, ಅಲ್ವಾ?

ಅದನ್ನು ಎತ್ತಿಟ್ಟ ಕೈಯಿಂದ ಬಂತು. ಭೂಮಿ ಕೆಳಕ್ಕೆ ಎಳೆಯುತ್ತಿದ್ದಾಗ ನೀವು ಮೇಲಕ್ಕೆ ಎತ್ತಿದಿರಿ. ಆ ದುಡಿಮೆ ವ್ಯರ್ಥವಾಗಲಿಲ್ಲ, ಎತ್ತರದ ರೂಪದಲ್ಲಿ ಉಳಿಯಿತು. ಪ್ರಚ್ಛನ್ನ ಅಂದರೆ ಮರೆಯಲ್ಲಿರುವುದು. ಕಣ್ಣಿಗೆ ಕಾಣುವುದಿಲ್ಲ, ಕೈಬಿಟ್ಟ ತಕ್ಷಣ ಗೊತ್ತಾಗುತ್ತದೆ. ಲೆಕ್ಕವೂ ಸುಲಭ: ದ್ರವ್ಯರಾಶಿಯನ್ನು ಭೂಮಿಯ ಎಳೆತದ ಅಂಕಿಯಾದ 9.8ರಿಂದ ಗುಣಿಸಿ, ಅದನ್ನು ಎತ್ತರದಿಂದ ಗುಣಿಸಿ. ಒಂದು ಕಿಲೋ ತೂಕವನ್ನು ಒಂದು ಮೀಟರ್ ಎತ್ತಿದರೆ 9.8 ಜೂಲ್; ಜೂಲ್ ಅಂದರೆ ಶಕ್ತಿಯನ್ನು ಅಳೆಯುವ ಮಾನ. ಬಾಯಿಲೆಕ್ಕಕ್ಕೆ 10 ಅಂದುಕೊಂಡರೆ ಸಾಕು.

ಎತ್ತರ ಎಲ್ಲಿಂದ ಅಳೆಯಬೇಕು ಎಂದು ಯಾರಾದರೂ ಕೇಳಿದರೆ ನನಗೆ ತುಂಬಾ ಖುಷಿ. ಮೇಜಿನ ಮೇಲಿನ ಪುಸ್ತಕ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ. ಅದೇ ಮೇಜು ಮೂರನೇ ಮಹಡಿಯಲ್ಲಿದ್ದರೆ ಬೀದಿಯಿಂದ ಹತ್ತು ಮೀಟರ್. ಎರಡೂ ಸರಿ. ಎಲ್ಲಿಂದ ಎಲ್ಲಿಗೆ ಬೀಳುತ್ತದೆ ಅನ್ನುವ ವ್ಯತ್ಯಾಸವೇ ಮುಖ್ಯ. ಹಾಗಾಗಿ ಈ ಶಕ್ತಿ ಪುಸ್ತಕದ ಹೊಟ್ಟೆಯೊಳಗೆ ಅಡಗಿದೆ ಅಂದುಕೊಳ್ಳುವುದು ಬೇಡ. ಅದು ಪುಸ್ತಕ ಮತ್ತು ಭೂಮಿ, ಎರಡಕ್ಕೂ ಸೇರಿದ್ದು.

ಈಗ ಡಬ್ಬಿಗಳಿಗೆ ಬರೋಣ. ಎರಡೂ ಒಂದೇ ಅಳತೆಯವು, ತಳ ಚಪ್ಪಟೆ. ಒಳಗೆ ಮರಳು ತುಂಬಿ, ಒಂದನ್ನು 100 ಗ್ರಾಂ, ಇನ್ನೊಂದನ್ನು 50 ಗ್ರಾಂ ಮಾಡಿರುತ್ತೇನೆ. ಭಾರದ ಡಬ್ಬಿಯನ್ನು 40 ಸೆಂಟಿಮೀಟರ್ ಎತ್ತರದಿಂದ, ಹಗುರದ್ದನ್ನು 80 ಸೆಂಟಿಮೀಟರ್‌ನಿಂದ ಮಣ್ಣಿನ ಮೇಲೆ ಬೀಳಿಸುವುದು. ಯಾವುದರ ಗುಳಿ ಆಳ? ಬೀಳಿಸುವ ಮೊದಲೇ ಕೈ ಎತ್ತಿಸುತ್ತೇನೆ. ಭಾರದ್ದೇ ಜಾಸ್ತಿ ಅನ್ನುವವರು ಒಂದು ಕಡೆ, ಎತ್ತರದಿಂದ ಬಿದ್ದದ್ದು ಅನ್ನುವವರು ಇನ್ನೊಂದು ಕಡೆ. ಬೀಳಿಸಿ, ಪಟ್ಟಿ ಇಳಿಸಿ ಅಳೆದರೆ ಎರಡೂ ಗುಳಿ ಹೆಚ್ಚುಕಡಿಮೆ ಒಂದೇ. ತರಗತಿ ಒಂದು ಕ್ಷಣ ಮೌನವಾಗುತ್ತದೆ. ಆಮೇಲೆ "ಮೇಡಂ, ಇನ್ನೊಂದ್ಸಲ" ಅನ್ನುತ್ತಾರೆ. ಇನ್ನೊಂದು ಸಲ ಮಾಡಲೇಬೇಕು, ಮಣ್ಣನ್ನು ಸಮ ಮಾಡಿಕೊಂಡು.

ಲೆಕ್ಕ ಹಾಕಿ ನೋಡಿ. 0.1 ಕಿಲೋ, 10, 0.4 ಮೀಟರ್ ಗುಣಿಸಿದರೆ 0.4 ಜೂಲ್. 0.05 ಕಿಲೋ, 10, 0.8 ಮೀಟರ್ ಗುಣಿಸಿದರೂ 0.4 ಜೂಲ್. ಎತ್ತಿಟ್ಟ ಶಕ್ತಿ ಸಮ, ಅದಕ್ಕೇ ಗುಳಿಯೂ ಸಮ.

ಮಣ್ಣು ಮುಟ್ಟುವ ಕ್ಷಣಕ್ಕೆ ಎತ್ತರ ಪೂರ್ತಿ ಮುಗಿದಿದೆ, ಆದರೆ ವೇಗ ಬಂದಿದೆ. ಅಂದರೆ 0.4 ಜೂಲ್ ಈಗ ಚಲನ ಶಕ್ತಿ. ಆ ಹೊತ್ತಿಗೆ ಭಾರದ ಡಬ್ಬಿಯ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್, ಹಗುರದ್ದು 4 ಮೀಟರ್. ಇಲ್ಲಿ ಸ್ವಲ್ಪ ನಿಲ್ಲಿ. ತೂಕ ಅರ್ಧ ಆಗಿದೆ, ವೇಗ ಮಾತ್ರ ದುಪ್ಪಟ್ಟಾಗಿಲ್ಲ. ಆದರೂ ಶಕ್ತಿ ಸಮ ಹೇಗಾಯಿತು? ವೇಗವನ್ನು ಅದರಿಂದಲೇ ಗುಣಿಸಿ. 4 ನಾಲ್ಕಲೆ 16. 2.8ರ ವರ್ಗ ಸುಮಾರು 8. ಈಗ ದುಪ್ಪಟ್ಟು ಆಯಿತು! ಚಲನ ಶಕ್ತಿಯ ಸೂತ್ರದಲ್ಲಿ ಅರ್ಧ, ದ್ರವ್ಯರಾಶಿ, ವೇಗದ ವರ್ಗ ಎಂದು ಬರೆಯುವುದು ಇದಕ್ಕೇ. ಆ ವರ್ಗವನ್ನು ಯಾರೋ ಅಲಂಕಾರಕ್ಕೆ ಹಾಕಿದ್ದಲ್ಲ, ಗುಳಿ ಅಳೆದಾಗ ಸಿಕ್ಕಿದ್ದು.

ನಿಜವಾಗಿಯೂ ಹಾಗೆಯೇ ಸಿಕ್ಕಿತು. ಹಾಲೆಂಡಿನ ವಿಜ್ಞಾನಿ ಗ್ರಾವೆಸಾಂಡೆ 1722ರ ಸುಮಾರಿಗೆ ಒಂದೇ ಗಾತ್ರದ, ಬೇರೆ ಬೇರೆ ತೂಕದ ಹಿತ್ತಾಳೆ ಗುಂಡುಗಳನ್ನು ಜೇಡಿಮಣ್ಣಿಗೆ ಬೀಳಿಸಿ ನೋಡಿದ. ಚಲಿಸುವ ವಸ್ತುವಿನ ಬಲವನ್ನು ವೇಗದಿಂದ ಅಳೆಯಬೇಕೋ, ವೇಗದ ವರ್ಗದಿಂದಲೋ ಎಂದು ಯೂರೋಪಿನ ವಿದ್ವಾಂಸರು ಜಗಳವಾಡುತ್ತಿದ್ದ ಕಾಲ ಅದು. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರಲ್ಲಿ ಹೊರತಂದ ಭೌತವಿಜ್ಞಾನದ ಪುಸ್ತಕದಲ್ಲಿ ವರ್ಗದ ಪರವಾಗಿ ಗಟ್ಟಿಯಾಗಿ ವಾದಿಸಿದಳು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲೇ ತೆರೆಯದಿದ್ದ ದಿನಗಳಲ್ಲಿ! ಅವಳ ಹೆಸರನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ.

ಈ ವರ್ಗ ರಸ್ತೆಯಲ್ಲೂ ಕೆಲಸ ಮಾಡುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ವಾಹನ ಬ್ರೇಕ್ ಹಿಡಿದ ಮೇಲೆ 5 ಮೀಟರ್‌ನಲ್ಲಿ ನಿಲ್ಲುತ್ತದೆ ಅಂದುಕೊಳ್ಳಿ. 60ರಲ್ಲಿ ಎಷ್ಟು ದೂರ ಬೇಕು? ಹತ್ತು ಅನ್ನುವವರೇ ಜಾಸ್ತಿ. ಅಷ್ಟೇ ಬಿಗಿಯಾಗಿ ಬ್ರೇಕ್ ಹಿಡಿದರೆ 20 ಮೀಟರ್ ಬೇಕು. ವೇಗ ದುಪ್ಪಟ್ಟಾದಾಗ ತೆಗೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಸೈಕಲ್ ಹೊಡೆಯುವ ಮಕ್ಕಳಿಗೆ ಇದು ಗೊತ್ತಿರಲೇಬೇಕು ಎಂದು ನನ್ನ ಹಟ.

ಪ್ರಚ್ಛನ್ನ ಶಕ್ತಿಗೆ ಎತ್ತರವೇ ಬೇಕೆಂದಿಲ್ಲ. ಎಳೆದು ಹಿಡಿದ ರಬ್ಬರ್ ಬ್ಯಾಂಡ್, ಒತ್ತಿದ ಸ್ಪ್ರಿಂಗ್, ಹೆದೆ ಎಳೆದ ಬಿಲ್ಲು, ಇವುಗಳಲ್ಲೂ ಅದೇ ಕತೆ. ಇಲ್ಲಿ ಬದಲಾದದ್ದು ಆಕಾರ.

ಇನ್ನು ಮಣ್ಣೊಳಗೆ ಕೂತ ಡಬ್ಬಿ. ಎತ್ತರವೂ ಇಲ್ಲ, ವೇಗವೂ ಇಲ್ಲ. "ಹಾಗಾದ್ರೆ ಶಕ್ತಿ ಖಾಲಿ ಆಯ್ತಾ ಮೇಡಂ?" ಎಂದು ಒಬ್ಬ ಹುಡುಗಿ ಕೇಳಿದಳು. ಖಾಲಿ ಆಗಲಿಲ್ಲ. ಮಣ್ಣಿನ ಕಣಗಳನ್ನು ಸರಿಸಿತು, ಅವು ಒಂದಕ್ಕೊಂದು ಉಜ್ಜಿದವು, ಉಜ್ಜಿದಲ್ಲಿ ಬಿಸಿಯಾಯಿತು. 'ಧಪ್' ಎಂಬ ಸದ್ದಿನಲ್ಲೂ ಚೂರು ಹೋಯಿತು. ಅನುಮಾನ ಇದ್ದರೆ ದೊಡ್ಡವರೊಬ್ಬರಿಗೆ ಹೇಳಿ ದಪ್ಪ ಮೊಳೆಯೊಂದನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಬಿರುಸಾಗಿ ಇಪ್ಪತ್ತು ಮೂವತ್ತು ಏಟು ಹೊಡೆಸಿ. ಆಮೇಲೆ ಹುಷಾರಾಗಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.

ಆ ಹುಡುಗಿ ತಕ್ಷಣ ಗುಳಿಗೆ ಬೆರಳಿಟ್ಟು ನೋಡಿದಳು. "ಬಿಸಿ ಇಲ್ವಲ್ಲ ಮೇಡಂ." ಒಳ್ಳೆಯ ಪರೀಕ್ಷೆಯೇ. ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದನ್ನೇ ಹುಡುಕಿದ. ಬೀಳುವ ತೂಕಗಳಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಗುತ್ತದೆ ಎಂದು ಅಳೆದ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು. ಅದೇ ಒಂದು ಲೀಟರ್ ನೀರು ಒಂದು ಮೀಟರ್ ಬಿದ್ದರೆ ಸಿಗುವುದು 10 ಜೂಲ್ ಮಾತ್ರ. ಅಂದರೆ ಬರೀ ಬಿದ್ದೇ ಒಂದು ಡಿಗ್ರಿ ಬಿಸಿಯಾಗಬೇಕಾದರೆ ನೀರು 400 ಮೀಟರ್‌ಗಿಂತ ಮೇಲಿನಿಂದ ಬೀಳಬೇಕು. ನಮ್ಮ ಡಬ್ಬಿ ಬಿದ್ದದ್ದು 80 ಸೆಂಟಿಮೀಟರ್. ಅವಳ ಬೆರಳಿಗೆ ಅದು ಗೊತ್ತಾಗುವುದಾದರೂ ಹೇಗೆ!