ನೆಲದಿಂದ ಆರಿಸಿದ ಖಾಲಿ ತೋಟೆ ಮರುಭರ್ತಿಗೆ ಯೋಗ್ಯವೇ?

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿದ್ದು, ವಾರಾಂತ್ಯಗಳಲ್ಲಿ ಟ್ರ್ಯಾಪ್ ಶೂಟಿಂಗ್‌ಗೆ (ಗಾಳಿಗೆ ಚಿಮ್ಮಿಸಿದ ಮಣ್ಣಿನ ತಟ್ಟೆಗಳಿಗೆ ಗುರಿಯಿಡುವ ಆಟಕ್ಕೆ) ಹೋಗುತ್ತೇನೆ. ಮೈದಾನದವರ ಅನುಮತಿ ಪಡೆದು 12 ಬೋರಿನ ಖಾಲಿ ತೋಟೆಗಳನ್ನು ಒಂದು ಚೀಲದಷ್ಟು ಆರಿಸಿ ತಂದಿದ್ದೇನೆ. ಇವುಗಳಲ್ಲಿ ಯಾವುದನ್ನು ಮತ್ತೆ ತುಂಬಬಹುದು, ಯಾವುದನ್ನು ಎಸೆಯಬೇಕು ಎಂದು ತಿಳಿಯುವುದು ಹೇಗೆ?

ಉತ್ತರ: ಖಾಲಿ ತೋಟೆ ಕೈಗೆ ಬಂದೊಡನೆ ಹೆಚ್ಚಿನವರು ಅದರ ಬಾಯಿ ಸೀಳಿದೆಯೇ ಎಂದು ನೋಡುತ್ತಾರೆ. ಅದನ್ನು ನೋಡಬೇಕು, ನಿಜ. ಆದರೆ ಅದಕ್ಕೂ ಮೊದಲು ತೋಟೆಯ ಮೈಮೇಲಿನ ಬರಹವನ್ನು ಓದಬೇಕು. ಯಾವ ಕಂಪನಿಯ ಯಾವ ಮಾದರಿಯ ತೋಟೆ ಎಂಬುದು ಖಚಿತವಾಗದಿದ್ದರೆ, ಅದು ಎಷ್ಟೇ ಹೊಸದರಂತೆ ಹೊಳೆಯುತ್ತಿರಲಿ, ಮರುಭರ್ತಿಗೆ ಅಯೋಗ್ಯವೆಂದೇ ನಾನು ಎಣಿಸುತ್ತೇನೆ.

ಕಾರಣ ತೋಟೆಯ ಒಳಗಿದೆ. ಹೊರಗಿನಿಂದ ಒಂದೇ ಉದ್ದದ 12 ಬೋರಿನ ಎಲ್ಲ ತೋಟೆಗಳೂ ಒಂದೇ ಅಳತೆಯವು, ಏಕೆಂದರೆ ಅವೆಲ್ಲವೂ ಒಂದೇ ನಳಿಗೆಗೆ ಹೊಂದಬೇಕು. ಒಳಗಿನ ಜಾಗ ಮಾತ್ರ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ರೆಮಿಂಗ್ಟನ್ ಎಸ್‌ಟಿಎಸ್‌ನಂಥ ತೋಟೆಗಳಲ್ಲಿ ಗೋಡೆ ಬುಡದ ಕಡೆಗೆ ದಪ್ಪವಾಗುತ್ತ ಹೋಗಿ ಒಳಭಾಗ ಕಿರಿದಾಗುತ್ತದೆ. ಚೆಡೈಟ್, ಫಿಯೋಕಿಯಂಥ ಯುರೋಪಿನ ತೋಟೆಗಳಲ್ಲಿ ನೇರವಾದ ಪ್ಲಾಸ್ಟಿಕ್ ಕೊಳವೆಯ ಬುಡಕ್ಕೆ ಪ್ರತ್ಯೇಕವಾದ ಬಿಲ್ಲೆಯೊಂದನ್ನು ಕೂರಿಸಿರುತ್ತಾರೆ. ಅಷ್ಟೇ ಮದ್ದು, ಅಷ್ಟೇ ಚರೆ ತುಂಬಿದರೂ ಕಿರಿದಾದ ಜಾಗದಲ್ಲಿ ಒತ್ತಡ ಬೇರೆಯಾಗುತ್ತದೆ. ಎರಡು ಮುಕ್ಕಾಲು ಇಂಚಿನ, ಅಂದರೆ 70 ಮಿಲಿಮೀಟರಿನ 12 ಬೋರ್ ತೋಟೆಗೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ನಿಗದಿಪಡಿಸಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡು. ಮದ್ದಿನ ಕಂಪನಿಗಳು ಪ್ರಕಟಿಸುವ ಕೋಷ್ಟಕಗಳು ತೋಟೆ, ಕೇಪು (ಮದ್ದಿಗೆ ಕಿಡಿ ಹಚ್ಚುವ, ಬುಡದಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು), ವಾಡ್ (ಮದ್ದಿಗೂ ಚರೆಗೂ ನಡುವೆ ಕೂರುವ ತುಂಡು), ಮದ್ದು ಈ ನಾಲ್ಕನ್ನೂ ಹೆಸರಿಸಿ ಪರೀಕ್ಷಿಸಿದ ಅಂಕಿಗಳಾದ್ದರಿಂದ, ತೋಟೆಯ ಹೆಸರು ಗೊತ್ತಿಲ್ಲದವನಿಗೆ ಆ ಕೋಷ್ಟಕದಿಂದ ಯಾವ ಪ್ರಯೋಜನವೂ ಇಲ್ಲ.

ಒಂದೇ ಹೆಸರಿನಲ್ಲಿಯೂ ಎರಡು ಬಗೆ ಇರಬಹುದೆಂಬುದನ್ನು ಮರೆಯಬಾರದು. ವಿಂಚೆಸ್ಟರ್ ಎಎ ತೋಟೆ 1990ರ ದಶಕದ ಕೊನೆಯ ತನಕ ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದ ಅಖಂಡ ತೋಟೆಯಾಗಿತ್ತು. ಆಮೇಲೆ ಬಂದ ಎಚ್‌ಎಸ್ ಮಾದರಿಯಲ್ಲಿ ಬುಡದ ಬಿಲ್ಲೆ ಬೇರೆಯಾಯಿತು. ಹಳೆಯ ಮೈದಾನಗಳಲ್ಲಿ, ಹಿರಿಯರ ಡಬ್ಬಗಳಲ್ಲಿ ಎರಡೂ ಸಿಗುತ್ತವೆ. ಇವನ್ನು ಬೆರೆಸದೆ ಬೇರೆ ಬೇರೆ ಡಬ್ಬಗಳಲ್ಲಿಡಿ.

ಹೆಸರಿನ ನಂತರ ಬುಡವನ್ನು ನೋಡಬೇಕು, ಮತ್ತು ಇಲ್ಲಿ ಅವಸರ ಸಲ್ಲದು. ಪ್ರತ್ಯೇಕ ಬಿಲ್ಲೆಯಿರುವ ತೋಟೆಯಲ್ಲಿ ಕೆಲವು ಸಲ ಹೊಡೆದ ಮೇಲೆ ಆ ಬಿಲ್ಲೆ ಸಡಿಲವಾಗಬಹುದು. ಸಡಿಲವಾದದ್ದು ಮುಂದಿನ ಈಡಿನಲ್ಲಿ ಕಿತ್ತು ಬಂದು ನಳಿಗೆಯೊಳಗೇ ಉಳಿದುಬಿಟ್ಟರೆ, ಅದರ ಹಿಂದೆ ಬರುವ ಈಡಿಗೆ ದಾರಿಯಿಲ್ಲದೆ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಕೋವಿ ಹಿಡಿದವನ ಎಡಗೈ ಇರುವುದು ಸರಿಯಾಗಿ ಅಲ್ಲಿಯೇ. ಇದನ್ನು ಪರೀಕ್ಷಿಸಲು ನಾನು ಬಳಸುವುದು ಒಂದು ಸಪಾಟು ತುದಿಯ ಮರದ ಕಡ್ಡಿಯನ್ನು. ಅದೇ ಮಾದರಿಯ, ಕಾರ್ಖಾನೆಯಿಂದ ಬಂದು ಒಮ್ಮೆ ಮಾತ್ರ ಹಾರಿಸಿದ ತೋಟೆಯೊಳಗೆ ಕಡ್ಡಿಯನ್ನು ಬುಡ ಮುಟ್ಟುವ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಉಳಿದ ತೋಟೆಗಳಿಗೆ ಅದನ್ನೇ ಇಳಿಸಿದಾಗ ಗೆರೆ ಬಾಯಿಗಿಂತ ಮೇಲೆ ನಿಂತರೆ ಬಿಲ್ಲೆ ಎದ್ದಿದೆ, ಅಥವಾ ಒಳಗೆ ಕಲ್ಲೋ ಮಣ್ಣೋ ಸೇರಿದೆ, ಅಥವಾ ಅದು ಆ ಮಾದರಿಯೇ ಅಲ್ಲ. ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಬಿಲ್ಲೆ ಅಲುಗಿದರೂ ತೋಟೆಯನ್ನು ಬಿಟ್ಟುಬಿಡಿ.

ಲೋಹದ ಬುಡ ಹಳದಿಯಾಗಿದ್ದ ಮಾತ್ರಕ್ಕೆ ಹಿತ್ತಾಳೆಯಲ್ಲ. ಅಯಸ್ಕಾಂತ ಅಂಟಿಕೊಂಡರೆ ಅದು ಲೇಪ ಹಾಕಿದ ಉಕ್ಕು. ಉಕ್ಕಿನ ಬುಡವನ್ನೂ ಮರುಭರ್ತಿ ಮಾಡಬಹುದು, ಆದರೆ ಅದನ್ನು ಮತ್ತೆ ಮೂಲ ಅಳತೆಗೆ ಒತ್ತಿ ತರಲು ಹೆಚ್ಚು ಬಲ ಬೇಕು, ಮಳೆಯಲ್ಲಿ ನೆನೆದರೆ ತುಕ್ಕೂ ಹಿಡಿಯುತ್ತದೆ. ತುಕ್ಕು, ಬಿರುಕು, ಅಂಚು ಎದ್ದಿರುವುದು, ಲೋಹ ಪ್ಲಾಸ್ಟಿಕ್‌ನಿಂದ ಬಿಟ್ಟುಕೊಂಡಿರುವುದು ಕಂಡರೆ ಮುಂದಿನ ಪರೀಕ್ಷೆಯೇ ಬೇಡ. ಕೇಪಿನ ಸುತ್ತ ಕಪ್ಪು ಮಸಿ ಹರಡಿದ್ದರೆ ಅಲ್ಲಿಂದ ಅನಿಲ ಸೋರಿದೆ ಎಂದರ್ಥ. ಹೊಸ ಕೇಪನ್ನು ಕೂರಿಸುವಾಗ ಯಂತ್ರದ ಹಿಡಿಗೆ ಸ್ಪಷ್ಟವಾದ ಪ್ರತಿರೋಧ ತಿಳಿಯಬೇಕು; ಸಲೀಸಾಗಿ ಜಾರಿ ಒಳಹೋದರೆ ಆ ಕುಳಿ ಅಗಲವಾಗಿದೆ, ತೋಟೆಯ ಆಯುಸ್ಸು ಮುಗಿದಿದೆ.

ಇನ್ನು ಬಾಯಿ. ಆರು ಅಥವಾ ಎಂಟು ಮಡಿಕೆಗಳು ಸೇರಿ ಮುಚ್ಚುವ ಈ ಭಾಗವೇ ಸಾಮಾನ್ಯವಾಗಿ ಮೊದಲು ಸವೆಯುತ್ತದೆ. ತೋಟೆಯನ್ನು ಬೆಳಕಿನತ್ತ ಹಿಡಿದು ಬುಡದ ಕಡೆಯಿಂದ ಬಾಯಿಯವರೆಗೆ ನಿಧಾನವಾಗಿ ತಿರುಗಿಸಿದರೆ, ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೂ ಹೊಳೆಯುತ್ತವೆ. ಸೀಳಿದ ಬಾಯಿ ಸುಲಭವಾಗಿ ಕಾಣುತ್ತದೆ. ಮೆತ್ತಗಾದ ಬಾಯಿ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಬಾಯಿ ಸಡಿಲವಾಗಿದ್ದರೆ ಮದ್ದು ಪೂರ್ತಿ ಉರಿಯಲು ಬೇಕಾದ ತಡೆ ಸಿಗದೆ ಈಡು ಸಪ್ಪೆಯಾಗಿ, ವಾಡ್ ನಳಿಗೆಯಲ್ಲಿಯೇ ಸಿಕ್ಕಿಕೊಳ್ಳಬಹುದು. ಆದ್ದರಿಂದ ಸದ್ದು ವಿಚಿತ್ರವಾಗಿ ಕೇಳಿಸಿದಾಗಲೆಲ್ಲ ಕೋವಿಯನ್ನು ಬರಿದು ಮಾಡಿ, ನಳಿಗೆಯ ಮೂಲಕ ಬೆಳಕು ಕಾಣುತ್ತದೆಯೇ ಎಂದು ನೋಡದೆ ಮುಂದಿನ ತೋಟೆ ಹಾಕಲೇಬಾರದು. ಕಾಗದದ ತೋಟೆಗಳು ತೇವ ಹೀರಿ ಉಬ್ಬುವುದರಿಂದ ನೆಲದಲ್ಲಿ ಬಿದ್ದವನ್ನು ಮುಟ್ಟದಿರುವುದೇ ಮೇಲು.

ಎಷ್ಟು ಸಲ ತುಂಬಬಹುದು ಎಂಬುದಕ್ಕೆ ಒಂದು ಅಂಕಿ ಹೇಳಲಾಗದು. ಎಸ್‌ಟಿಎಸ್ ತೋಟೆಗಳು ಹಗುರವಾದ ಭರ್ತಿಯಲ್ಲಿ ಎಂಟು ಹತ್ತು ಸಲ ಬಾಳಿಕೆ ಬರುವುದುಂಟು, ಅಗ್ಗದವು ಎರಡು ಮೂರಕ್ಕೇ ಸೋಲುತ್ತವೆ. ನೆಲದಿಂದ ಆರಿಸಿದ ತೋಟೆಯ ತೊಡಕು ಏನೆಂದರೆ, ಅದು ಇದುವರೆಗೆ ಎಷ್ಟು ಈಡು ಕಂಡಿದೆ ಎಂದು ಯಾರಿಗೂ ತಿಳಿಯದು. ಲೋಹದ ಬುಡದ ಮೇಲೆ ಒತ್ತುಯಂತ್ರದ ಉದ್ದನೆಯ ಗೀರುಗಳಿದ್ದರೆ, ಮುದ್ರಿತ ಅಕ್ಷರ ಮಾಸಿದ್ದರೆ, ಅದನ್ನು ಈಗಾಗಲೇ ಯಾರೋ ಮರುಭರ್ತಿ ಮಾಡಿ ಹಾರಿಸಿ ಬಿಟ್ಟುಹೋಗಿರಬಹುದು. ಜೊತೆಯವರು ಹೊಸ ಪೆಟ್ಟಿಗೆ ಒಡೆದು ಹಾರಿಸಿದ ತೋಟೆಗಳನ್ನು ಅಲ್ಲಿಯೇ ಕೇಳಿ ಪಡೆಯುವುದು ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ.

ಇದನ್ನು ಓದುವ ಕೊಡಗು, ಮಲೆನಾಡಿನವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನಿನ) ಹಿಡುವಳಿದಾರರಿಗೂ ಇರುವ, ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ತೋಟೆ ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಮೇಲಿನ ಸಲಹೆ ಮನೆಯಲ್ಲಿ ಮರುಭರ್ತಿ ಕಾನೂನುಬದ್ಧವಾಗಿರುವ ಊರುಗಳಿಗೆ ಸಲ್ಲುವಂಥದ್ದು.

ನಿಮ್ಮ ಚೀಲದಿಂದ ತೆಗೆದುಹಾಕಿದ ತೋಟೆಗಳನ್ನು ಹಾಗೆಯೇ ಕಸಕ್ಕೆ ಹಾಕಬೇಡಿ. ಕತ್ತರಿಯಿಂದ ಬಾಯನ್ನು ಉದ್ದಕ್ಕೆ ಸೀಳಿ ಎಸೆದರೆ, ನಿಮ್ಮಂತೆಯೇ ಚೀಲ ಹಿಡಿದು ಬರುವ ಇನ್ನೊಬ್ಬರು ಅವನ್ನು ಆರಿಸಿಕೊಳ್ಳುವುದಿಲ್ಲ.